ಸಂಕ್ರಮಣದ ದಿನದ ಕಟ್ಲೆಟ್

ಒಂದು ಕಿಲೋ ಕೋಳಿಮಾಂಸ ಹಿಡಿದು ಹುಡುಗಿಯ ಮನೆ ಮೆಟ್ಟಿಲೇರಿದವನಿಗೆ, ಅಂದು ಸಂಕ್ರಮಣವೆಂದು ನೆನಪಿಸಿದ್ದು ಹುಡುಗಿಯ ಅಮ್ಮ.

"ಇವತ್ತು ನಮ್ಮಲ್ಲಿ ಮೀನು ಮಾಂಸ ಇಲ್ಲ," ಎಂದರು ಲೋಲಾಕ್ಷಿ. "ನೀವು ಒಳಗೆ ಬನ್ನಿ. ಕೋಳಿ ಬೇಡ."

ರಂಜಿತ್‌ನ ಕಿವಿ ಕೆಂಪಾಯಿತು. ಮೂಡುಬಿದಿರೆಯ ಅವನ ಪುಟ್ಟ ಹೋಟೆಲಿನಲ್ಲಿ ಸಂಕ್ರಮಣಕ್ಕೂ ಬಾಣಲೆಗೆ ರಜೆಯಿಲ್ಲ, ದಿನ ಮರೆತಿದ್ದ. ಅಮ್ಮನ ಬೆನ್ನ ಹಿಂದೆ ವಿಸ್ಮಿತಾ ತುಟಿ ಕಚ್ಚಿ ನಿಂತಿದ್ದಳು. ತಾನು ಕೆಲಸ ಮಾಡುವ ಮೂಡುಬಿದಿರೆಯ ಕಾಲೇಜು ಆಫೀಸಿಗೆ ರಜೆಯೆಂದು ಆದಿತ್ಯವಾರವನ್ನು ಆರಿಸಿದ್ದು ಅವಳೇ. ಮೊಬೈಲಿನಲ್ಲಿ ವಾರ ನೋಡಿದ್ದಳು, ಗೋಡೆಯ ಪಂಚಾಂಗ ನೋಡಿರಲಿಲ್ಲ.

ಆರು ತಿಂಗಳಿಂದ ಅವನ ಚಿಕನ್ ಕಟ್ಲೆಟ್ ಅವಳ ತಲೆ ತಿನ್ನುತ್ತಿತ್ತು. ಅವನ ಹೋಟೆಲಿನಲ್ಲಿ ಕಚ್ಚಿದರೆ ಕುರುಕುರು. ಮನೆಯಲ್ಲಿ ಮಾಡಿದರೆ ಬ್ರೆಡ್ ಪುಡಿಯೆಲ್ಲ ಎಣ್ಣೆ ಪಾಲು, ಕಟ್ಲೆಟ್ ಬರೀ ಮೈಯಲ್ಲಿ. ಮೀನಿಗೆ ಹಚ್ಚಿದಂತೆ ರವೆ ಹಚ್ಚಿ ನೋಡಿದ್ದಳು. ಹಲ್ಲು ರಾಜೀನಾಮೆ ಕೊಡುವುದೊಂದು ಬಾಕಿ. ಗುಟ್ಟು ಕೇಳಿದಾಗ ಅವನು ಮನೆಗೇ ಬಂದು ತೋರಿಸುತ್ತೇನೆ ಎಂದಿದ್ದ. ಒಂದು ಕಟ್ಲೆಟ್ಟಿಗಾಗಿ ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಯಾರಾದರೂ ಬರುತ್ತಾರೆಯೇ? ಅವಳಿಗೆ ನಿಜವಾಗಿ ಬೇಕಿದ್ದದ್ದು ಅವನ ಮನಸ್ಸಿನಲ್ಲಿದ್ದ ಆ ಗುಟ್ಟು. ಅದೂ ಇವತ್ತೇ. ಬುಧವಾರ ಮುಂಬಯಿಯ ವರನೊಬ್ಬ ಅವಳನ್ನು ನೋಡಲು ಬರುವವನಿದ್ದ. ಬರಲಿಯೋ ಬೇಡವೋ ಎಂದು ಸಂಜೆಯೊಳಗೆ ಅಮ್ಮನಿಗೆ ಹೇಳಬೇಕಿತ್ತು.

ಕೋಳಿಗೆ ದಾರಿ ತೋರಿಸಿದವರು ಪಕ್ಕದ ಮನೆಯ ಬೀಯಮ್ಮ. ತಮ್ಮ ಅಡಿಗೆಮನೆ ಖಾಲಿ ಉಂಟೆಂದು ಕಂಪೌಂಡಿನಾಚೆಯಿಂದಲೇ ಕೂಗಿ ಕರೆದರು. ಬಾಣಲೆ ಕೊಟ್ಟು, ತಾವು ಜಗಲಿಯಲ್ಲಿ ಕೂತರು. ಅಲ್ಲಿಂದ ಎಲ್ಲವೂ ಕೇಳಿಸುತ್ತಿತ್ತು.

ಅವನು ಬೇಯಿಸಿದ ಕೋಳಿಯನ್ನು ಎಳೆಎಳೆಯಾಗಿ ಬಿಡಿಸಿದ. ಅವಳು ಬಟಾಟೆ ಹಿಸುಕಿ, ಹಸಿಮೆಣಸು, ಶುಂಠಿ, ಕೊತ್ತಂಬರಿ ಸೊಪ್ಪು ಸೇರಿಸಿದಳು. ಉಂಡೆ ತಟ್ಟುವಾಗ, ಅವನ ಹೋಟೆಲಿನ ಸಪ್ಲಾಯರ್ ಮೂಗಿನಲ್ಲೇ ಆರ್ಡರ್ ಕೂಗುವುದನ್ನು ಅಣಕಿಸಿದಳು. ಅವನು ನಕ್ಕ ರಭಸಕ್ಕೆ ಮೊಟ್ಟೆಯ ಬಟ್ಟಲಿಗೆ ಬೆರಳು ಮುಳುಗಿತು. ಒರಸಿಕೊಳ್ಳಲು ಅವಳು ಚಾಚಿದ ಬಟ್ಟೆಯನ್ನು ಅವನು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿದುಕೊಂಡ.

ಮೊಟ್ಟೆಯಲ್ಲಿ ಅದ್ದಿ, ಎರಡು ದಿನದ ಹಿಂದಿನ ಬ್ರೆಡ್ಡಿನ ತರಿಪುಡಿಯಲ್ಲಿ ಹೊರಳಿಸಿ, ತಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟ.

"ಇಷ್ಟೇ ಗುಟ್ಟು. ಅರ್ಧ ಗಂಟೆ ಮುಟ್ಟಬಾರದು. ಅಷ್ಟರಲ್ಲಿ ಪುಡಿ ಹಿಡಿದುಕೊಳ್ತದೆ. ನೀವು ಕೂಡಲೇ ಎಣ್ಣೆಗೆ ಬಿಡ್ತೀರಿ, ಅದಕ್ಕೇ ಬಿಚ್ಚಿಹೋಗುವುದು."

ಅರ್ಧ ಗಂಟೆ. ಅವನು ಗೋಡೆಯ ಗಡಿಯಾರ ನೋಡಿದ. ಅವಳು ಅವನ ಹುಬ್ಬಿಗಂಟಿದ ಬ್ರೆಡ್ ಪುಡಿ ನೋಡಿದಳು. ಹತ್ತು ನಿಮಿಷ ಕಳೆಯಿತು; ಅವನು ಎಣ್ಣೆಯ ಬ್ರಾಂಡಿನ ಬಗ್ಗೆ ಮಾತಾಡಿದ. ಇವನ ಬಾಯಿಯನ್ನೂ ಫ್ರಿಜ್ಜಿನಲ್ಲಿಟ್ಟಿದ್ದಾರೋ ಎನಿಸಿತು ಅವಳಿಗೆ.

"ಬುಧವಾರ ನನ್ನನ್ನು ನೋಡಲಿಕ್ಕೆ ಬರ್ತಾರೆ," ಎಂದಳು. "ಬರಲಿಯಾ ಎಂದು ಅಮ್ಮ ಕೇಳ್ತಾ ಇದ್ದಾರೆ."

ಅವನು ಎದ್ದು ಫ್ರಿಜ್ ತೆರೆದ, ಒಲೆ ಹಚ್ಚಿದ, ಒಂದು ಕಟ್ಲೆಟ್ಟನ್ನು ಕಾದೂ ಕಾಯದ ಎಣ್ಣೆಗೆ ಬಿಟ್ಟ. ಹನ್ನೆರಡನೇ ನಿಮಿಷಕ್ಕೆ. ಪುಡಿಯೆಲ್ಲ ಕಳಚಿ ಬಾಣಲೆ ತುಂಬ ತೇಲಿತು.

ದಿನಕ್ಕೆ ನೂರು ಕಟ್ಲೆಟ್ ಕರಿಯುವವನು ಜಾಲರಿ ಸೌಟು ಹಿಡಿದು ಅದನ್ನೇ ನೋಡುತ್ತ ನಿಂತ. ವಿಸ್ಮಿತಾಳ ಎದೆಯೊಳಗೆ ಏನೋ ಬೆಚ್ಚಗೆ ಹರಡಿತು.

"ರಂಜಿತ್, ಗಂಟೆ ನೋಡಿದ್ರಾ?"

"ಬುಧವಾರ ಎಂದ ಮೇಲೆ ನೋಡ್ಲಿಲ್ಲ." ಸೌಟು ಕೆಳಗಿಟ್ಟ. "ಅವರಿಗೆ ಬರುವುದು ಬೇಡ ಎನ್ನಿ. ನನ್ನ ಅಮ್ಮನನ್ನು ಕರ್ಕೊಂಡು ಬರ್ತೇನೆ. ಇದನ್ನು ಹೇಳ್ಲಿಕ್ಕೇ ಬಂದದ್ದು. ಕೋಳಿ ಒಂದು ನೆಪ."

ಜಗಲಿಯಲ್ಲಿ ಬೀಯಮ್ಮ ಕೆಮ್ಮಿದರು.

ವಿಸ್ಮಿತಾ ಒಲೆ ಆರಿಸಿದಳು. ತಟ್ಟೆಯನ್ನು ಮತ್ತೆ ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿದಳು.

"ಇನ್ನು ಹದಿನೆಂಟು ನಿಮಿಷ ಉಂಟು. ಮುಟ್ಟಬೇಡಿ. ನಾನು ಅಮ್ಮನಿಗೆ ಹೇಳಿ ಬರ್ತೇನೆ."

ಹೊಸಿಲು ದಾಟಿದವಳು ಕಂಪೌಂಡಿನ ಸಂದಿಯಿಂದ ಓಡಿದಳು. ಕಾಲಿನಲ್ಲಿ ಬೀಯಮ್ಮನ ಚಪ್ಪಲಿ.