ಆಮೆಯ ಚಿಪ್ಪಿನಿಂದೆದ್ದ ಅರಸ

ಮುಂಜಾವಿನ ಮಂಜು ಕರಗುತ್ತಿದ್ದಂತೆ ಯಾಷ್‌ತೂನ್ ನಗರದ ಕೆಂಬಣ್ಣದ ದೇವಾಲಯಗಳು ಮಹಾರಣ್ಯದ ಹಸುರಿನ ಮೇಲೆ ಒಂದೊಂದಾಗಿ ಶಿರವೆತ್ತಿದವು. ಸೋಪಾನಗಳ ತುದಿಯಲ್ಲಿ ಧೂಪದ ಹೊಗೆ ಏಳುತ್ತಿತ್ತು, ಶಂಖಗಳು ಮೊಳಗುತ್ತಿದ್ದವು, ಕೋಕೋ ಬೀಜದ ಮೂಟೆ ಹೊತ್ತವರೂ ಗಿಳಿಯ ಗರಿ ಮಾರುವವರೂ ರಾಜಬೀದಿಯಲ್ಲಿ ಕಿಕ್ಕಿರಿದಿದ್ದರು. ಆದರೆ ಅರಮನೆಯಲ್ಲಿ ಜಾಗ್ವಾರ್ ಚರ್ಮ ಹಾಸಿದ ಪೀಠ ಬರಿದಾಗಿತ್ತು. ಅರಸ ನಿಕ್‌ಯೋಪಾತ್ ಯುದ್ಧದಲ್ಲಿ ವೈರಿಗಳ ಸೆರೆಯಾಗಿ ಒಂದು ಮಳೆಗಾಲವೇ ಕಳೆದಿತ್ತು.

ಆ ಪೀಠದ ಮೇಲೆ ಮಹಾಮಂತ್ರಿ ತೋಖಾನನ ಕಣ್ಣು ಬಿದ್ದಿತ್ತು. ಅಡ್ಡಿಯಾಗಿದ್ದವನು ರಾಣಿಯ ಸೋದರ, ನೆರೆರಾಜ್ಯದ ಯುವರಾಜ ಸಿಬಿಕ್. ಅರಸ ಜೀವಂತನಿದ್ದರೆ ಸೈನ್ಯದೊಡನೆ ಹೋಗಿ ಬಿಡಿಸಿ ತರುವೆನೆಂದು ಅವನು ಪಣ ತೊಟ್ಟಿದ್ದನು. ಅರಸ ಸತ್ತನೆಂದು ಅವನನ್ನು ನಂಬಿಸಬೇಕಿತ್ತು. ಅದಕ್ಕಾಗಿ ತೋಖಾನ್ ತನ್ನ ಅಕ್ಕ ಮುಯಾಲಳ ಚಿತ್ರಶಾಲೆಗೆ ಬಂದನು. ಆಕೆ ಅರಮನೆಯ ಪಾತ್ರೆಗಳ ಮೇಲೆ ದೇವತೆಗಳನ್ನು ಬರೆಯುವ ಚಿತ್ರಕರ್ತೆ. ಆಕೆಯ ಹೆಸರು ಬರೆದ ಪಾತ್ರೆಯೆಂದರೆ ಆ ಸೀಮೆಯ ರಾಜರಿಗೆಲ್ಲ ದೇವರ ಮುಂದೆ ಇಟ್ಟ ಆಣೆ.

“ಅಕ್ಕಾ, ಸಿಬಿಕ್ ಬರುವ ಹಬ್ಬಕ್ಕೆ ಒಂದು ಪಾತ್ರೆ ಬೇಕು. ಪಾತಾಳದ ನದಿ, ದೇವತೆಗಳು ನಡೆಸುವ ದೋಣಿ, ಅದರೊಳಗೆ ನಮ್ಮ ಅರಸರು.”

“ಅರಸರು ತೀರಿಕೊಂಡರೆಂದು ಯಾರು ಹೇಳಿದರು?”

“ನಾನು ಹೇಳುತ್ತಿದ್ದೇನೆ.”

“ಉಪ್ಪಿನ ವ್ಯಾಪಾರಿಯೊಬ್ಬ ಅವರನ್ನು ಕಣ್ಣಾರೆ ಕಂಡು ಬಂದಿದ್ದಾನೆ. ಕೈಗೆ ಹಗ್ಗ ಬಿಗಿದಿದ್ದಾರೆ, ಉಸಿರು ನಿಂತಿಲ್ಲ. ಆ ಸುದ್ದಿಯನ್ನು ಅವನು ಮೊದಲು ನಿನಗೇ ಒಪ್ಪಿಸಿದನಂತೆ.”

ತೋಖಾನ್ ಮಾತು ತಿರುಗಿಸಿದನು. “ತಾಯಿಯಿಲ್ಲದ ನನ್ನನ್ನು ಸಾಕಿದವರು ನೀವು. ತಮ್ಮ ಅರಸನಾಗುವುದು ನಿಮಗೆ ಬೇಡವೇ?”

“ಹಬ್ಬದ ಹೊತ್ತಿಗೆ ಪಾತ್ರೆ ಬರುತ್ತದೆ, ಹೋಗು” ಎಂದಳು ಮುಯಾಲ್. ಅಕ್ಕ ಒಪ್ಪಿದಳೆಂದೇ ತಿಳಿದು ಅವನು ಹೊರಟುಹೋದನು.

ಹಬ್ಬದ ನಡುಹಗಲು, ಸಾಮಂತರೆಲ್ಲ ನೆರೆದ ಸಭೆಗೆ ಆಕೆ ತಾನೇ ಪಾತ್ರೆಯನ್ನು ಹೊತ್ತು ತಂದಳು. ಅದರಲ್ಲಿ ಕೋಕೋ ಪಾನೀಯ ನೊರೆಗಟ್ಟಿತ್ತು. ಹೊದಿಸಿದ್ದ ಬಟ್ಟೆಯನ್ನು ಸರಿಸಿ ಸಿಬಿಕ್‌ನ ಕೈಗಿತ್ತಳು. ಅಲ್ಲಿ ದೋಣಿಯಿರಲಿಲ್ಲ, ನದಿಯಿರಲಿಲ್ಲ. ಸೀಳಿದ ಆಮೆಯ ಚಿಪ್ಪಿನಿಂದ ಮೆಕ್ಕೆಜೋಳದ ದೇವರು ಹೊಸ ಜೀವ ತಳೆದು ಮೇಲೇಳುತ್ತಿದ್ದನು. ದೇವರಿಗೆ ನಿಕ್‌ಯೋಪಾತನ ಮುಖವಿತ್ತು, ಮಣಿಕಟ್ಟುಗಳಲ್ಲಿ ಹಗ್ಗವಿತ್ತು.

“ಅರಸರು ಬದುಕಿದ್ದಾರೆಯೇ, ತಾಯಿ?” ಸಿಬಿಕ್ ಕೇಳಿದನು.

“ಬದುಕಿದ್ದಾರೆ, ಯುವರಾಜರೇ. ನಿಮ್ಮ ದಾರಿ ಕಾಯುತ್ತಿದ್ದಾರೆ.”

“ಇದು ಸುಳ್ಳು!” ಎಂದು ತೋಖಾನ್ ಎದ್ದು ನಿಂತನು. ಸುಳ್ಳು ಬರೆದವರ ಬೆರಳು ಮುರಿಯುವುದು ಆ ನಗರದ ಕಟ್ಟಳೆ. ಕಾವಲಿನವರು ಕಲ್ಲಿನ ಕೊಡತಿ ತಂದರು. ಆಕೆಯ ಪಕ್ಕಕ್ಕೆ ಬಂದು ತೋಖಾನ್ ಪಿಸುಗುಟ್ಟಿದನು: “ಕಣ್ಣು ಮಂಜಾಗಿ ತಪ್ಪಾಯಿತು ಎನ್ನಿ, ಅಕ್ಕಾ. ಅಷ್ಟು ಸಾಕು.”

“ನನ್ನ ಕಣ್ಣು ಚೆನ್ನಾಗಿದೆ” ಎಂದು ಎಲ್ಲರಿಗೂ ಕೇಳುವಂತೆ ನುಡಿದು, ಆಕೆ ತಾನಾಗಿಯೇ ಬಲಗೈಯನ್ನು ಕಲ್ಲಿನ ಮೇಲೆ ಚಾಚಿದಳು.

ಕೊಡತಿ ಬಿದ್ದಿತು. ತುಟಿ ಕಚ್ಚಿ ರಕ್ತ ಬಂದರೂ ಆಕೆ ಕೂಗಲಿಲ್ಲ. “ಒಳಗೆ ಕರೆದೊಯ್ಯಿರಿ” ಎಂದ ತಮ್ಮನ ಕಡೆ ತಿರುಗಿ, “ಅತಿಥಿಗಳ ಊಟ ಮುಗಿದಿಲ್ಲ, ನಾನು ಏಳುವುದಿಲ್ಲ” ಎಂದಳು. ಸಭೆ ಮುಗಿಯುವವರೆಗೂ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತಳು. ಸಿಬಿಕ್ ಆ ಪಾತ್ರೆಯನ್ನು ಎದೆಗವಚಿಕೊಂಡು ಹೊರಟಾಗ ತಡೆಯುವ ಧೈರ್ಯ ಯಾರಿಗೂ ಆಗಲಿಲ್ಲ.

ಬೇಸಗೆಯಲ್ಲಿ ಸಿಬಿಕ್‌ನ ಸೈನ್ಯದೊಡನೆ ಅರಸನು ಮರಳಿ ಬಂದನು. ಓಡುತ್ತಿದ್ದ ತೋಖಾನ್ ಹೊಳೆಯ ದಂಡೆಯಲ್ಲಿ ಸಿಕ್ಕಿಬಿದ್ದನು. ಅವನನ್ನು ಸಭೆಯಲ್ಲಿ ನಿಲ್ಲಿಸಿ ನಿಕ್‌ಯೋಪಾತನು, “ತಾಯಿ ಮುಯಾಲ್, ಇವನಿಗೆ ಯಾವ ಶಿಕ್ಷೆ? ನಿಮ್ಮ ಮಾತೇ ಕಡೆಯದು” ಎಂದನು.

“ತೀರ್ಪು ಹೇಳುವುದು ಅರಸರ ಕೆಲಸ, ಪ್ರಭು. ನಿಮಗಾಗಿ ಕೈ ಕೊಟ್ಟಿದ್ದೇನೆ. ತಮ್ಮನ ತಲೆಯನ್ನು ನನ್ನ ಬಾಯಿಂದ ಕೇಳಬೇಡಿ.”

ಅರಸನಿಗೆ ಹೀಗೆ ಎದುರು ನುಡಿದವರನ್ನು ಆ ಸಭೆ ಕಂಡಿರಲಿಲ್ಲ. ನಿಕ್‌ಯೋಪಾತ್ ತನ್ನ ಮಣಿಕಟ್ಟಿನ ಗಾಯಗಳನ್ನು ಬಹಳ ಹೊತ್ತು ಸವರುತ್ತ ಕುಳಿತನು. ಕಡೆಗೆ ಗಡೀಪಾರು ಎಂದು ಆಜ್ಞಾಪಿಸಿದನು.

ಕಾವಲಿನವರ ಹಿಂದೆ ಗಡಿಗಲ್ಲಿನವರೆಗೂ ಮುಯಾಲ್ ನಡೆದು ಬಂದಳು. ತೋಖಾನ್ ಏನೋ ಹೇಳಲು ಬಾಯಿ ತೆರೆದನು. “ಮೊದಲು ಊಟ ಮಾಡು” ಎಂದು ಆಕೆ ಮೆಕ್ಕೆಜೋಳದ ರೊಟ್ಟಿಯ ಗಂಟನ್ನು ಮುಂದಿಟ್ಟಳು. ಅದನ್ನು ಬಿಚ್ಚಲು ಆಕೆಯ ಬೆರಳುಗಳಿಗೆ ಆಗಲಿಲ್ಲ. ತಲೆ ತಗ್ಗಿಸಿ ತೋಖಾನನೇ ಬಿಚ್ಚಿದನು.