ಕೆಂಪು ಸ್ವಿಚ್ಚಿನ ಮೇಲಿನ ಕೈ

"ಯಾರ್ರೀ ಮಷೀನ್ ಬಂದ್ ಮಾಡಿದ್ದು?!"

ಭವಾನಿಯ ಕೂಗಿಗೆ, ಹತ್ತಿಯಿಂದ ಬೀಜ ಬಿಡಿಸುವ ಆದೋನಿಯ ಆ ಜಿನ್ನಿಂಗ್ ಮಿಲ್ಲೇ ಬೆಚ್ಚಿತು. ಹತ್ತಿಯ ಧೂಳಿನ ನಡುವೆ, ಕೆಂಪು ಸ್ವಿಚ್ಚಿನ ಮೇಲೆ ಕೈಯಿಟ್ಟು ಎಲೆಕ್ಟ್ರಿಷಿಯನ್ ಬಸವಕಿರಣ ನಿಂತಿದ್ದ.

"ನಾನು."

"ಯಾಕ?"

ಅವನು ಒಮ್ಮೆ ಅವಳನ್ನು ನೋಡಿದ. ಅಬ್ಬಾ, ಎಂಥ ಕಣ್ಣು... ಆದರೆ ಬಾಯಿ ಮಾತ್ರ ತೆರೆಯಲಿಲ್ಲ.

ಹತ್ತಿ ಉಣಿಸುವ ಕಡೆ ಯಾರದಾದರೂ ಕೈ ಒಳಗೆ ಹೋದರೆ, ಅಲ್ಲಿನ ಸೆನ್ಸರ್ ನೆಟ್‌ವರ್ಕಿನಲ್ಲಿ ಒಂದು ಪ್ಯಾಕೆಟ್, ಅಂದರೆ ಚಿಕ್ಕ ಸಂದೇಶ, ಕಳಿಸುತ್ತದೆ. ಎಂಜಿನಿಯರ್ ಭವಾನಿ ತಯಾರಿಸಿದ ಪುಟ್ಟ ಕಂಪ್ಯೂಟರ್ ಬೋರ್ಡು ಅದನ್ನು ಓದಿ, ಕೈ ಗರಗಸ ಮುಟ್ಟುವ ಮೊದಲೇ ಮಷೀನು ನಿಲ್ಲಿಸಬೇಕು. ಸಾವ್ಕಾರ ಚಂದ್ರಣ್ಣನ ಎದುರಿಗೇ ಅದರ ಪರೀಕ್ಷೆ ನಡೆದಿತ್ತು. ಅವಳು ಲ್ಯಾಪ್‌ಟಾಪಿನತ್ತ ತಿರುಗಿ ಸಾವ್ಕಾರನಿಗೆ ಪರದೆ ತೋರಿಸುತ್ತಿದ್ದಳಷ್ಟೇ, ಅಷ್ಟರಲ್ಲಿ ಇವನು...

"ನೋಡಮ್ಮಾ, ನಾಳಿ ಸಂಜಿತನ ಟೈಮು. ಆಗಲಿಲ್ಲಂದ್ರ ನಿನ್ನ ಡಬ್ಬಿ ತಗೊಂಡು ನಡಿ!" ಚಂದ್ರಣ್ಣ ಹೊರನಡೆದ.

'ಬೇಕಂತಲೇ ಕೆಡಿಸಿದ! ತನ್ನ ಸ್ವಿಚ್ಚಿನ ದೌಲತ್ತು ಹೋಗತೈತಿ ಅಂತ ಹೊಟ್ಟೆಕಿಚ್ಚು!'

ಕಣ್ಣು ತುಂಬಿತು. ಆದರೆ ಒಂದು ಹನಿಯನ್ನೂ ಅವಳು ಕೆಳಗೆ ಬೀಳಗೊಡಲಿಲ್ಲ. 'ಮಾಡೇ ತೀರ್ತೀನಿ.'

ಊಟದ ಹೊತ್ತಿಗೆ ಹತ್ತಿ ಉಣಿಸುವ ಜಯಕ್ಕ ಪಕ್ಕಕ್ಕೆ ಬಂದು ಕುಳಿತಳು.

"ಅಮ್ಮಾಯಿ, ಆ ಹುಡುಗನ್ನ ಬೈಬ್ಯಾಡ. ತಪ್ಪು ನಂದು. ಹತ್ತಿ ಸಿಕ್ಕೊಂಡಿತ್ತು, ಒಳಗ ಕೈ ಹಾಕಿದ್ನಿ. ನಿನ್ನ ಡಬ್ಬಿ ಸುಮ್ನ ಕುಂತಿತ್ತು! ಅಂವ ನೋಡಿದ, ಬಂದ್ ಮಾಡಿದ."

"ಮತ್ತ ಹೇಳ್ಲಿಲ್ಲ ಯಾಕ?"

"ಚಾಲೂ ಮಷೀನಿಗೆ ಕೈ ಹಾಕಿದೋರನ್ನ ಸಾವ್ಕಾರ ಅವತ್ತೇ ಹೊರಗ ಹಾಕ್ತಾನ. ಅದಕ್ಕ ಬೈಗುಳ ತಾನು ತಿಂದ." ಜಯಕ್ಕ ಬೆರಳಾಡಿಸಿ ನಕ್ಕಳು. "ಐದೂ ಅದಾವ, ನೋಡು!"

ಭವಾನಿ ಆ ಒರಟು ಕೈಯನ್ನು ಹಿಡಿದುಕೊಂಡಳು.  ನನ್ನ ಬೋರ್ಡು ತಡ ಮಾಡಿತು... ಅವನು ಮಾಡಲಿಲ್ಲ!

ಮರುದಿನ ಬೆಳಿಗ್ಗೆ ಚಿಪ್ಪಗಿರಿಯಲ್ಲಿ ಷೇರ್ ಆಟೋ ಹತ್ತಿ ಕುಳಿತರೆ, ಅದು ಹೊರಡುತ್ತಲೇ ಇಲ್ಲ.

"ಬೇಗ ನಡಿಯಣ್ಣಾ!"

"ಇಂಕಾ ಇಬ್ಬರು ಬರ್ಲಿ ತಡಿಯಮ್ಮಾ. ತುಂಬಿದ ಮ್ಯಾಲೆ ಬಿಡ್ತೀನಿ."

ಭವಾನಿ ಥಟ್ಟನೆ ನೆಟ್ಟಗಾದಳು. ಅವಳ ಬೋರ್ಡಿನೊಳಗೂ ಇದೇ ನಡೆದಿತ್ತು! ಅದೇ ನೆಟ್‌ವರ್ಕಿನಲ್ಲಿದ್ದ ಮಿಲ್ಲಿನ ಕ್ಯಾಮೆರಾಗಳ ಪ್ಯಾಕೆಟ್ಟುಗಳು ಬಂದು ಗುಂಪಾಗುವ ತನಕ ಆಪರೇಟಿಂಗ್ ಸಿಸ್ಟಮ್ ಕಾಯುತ್ತಿತ್ತು. ಆಮೇಲಷ್ಟೇ ಅವಳ ಪ್ರೋಗ್ರಾಮನ್ನು ಎಬ್ಬಿಸುತ್ತಿತ್ತು. ಜಯಕ್ಕನ ಕೈಯ ಸುದ್ದಿ ಹೊತ್ತ ಪ್ಯಾಕೆಟ್ಟು, ಆಟೋದಲ್ಲಿ ಕುಳಿತ ತನ್ನಂತೆಯೇ ಚಡಪಡಿಸಿತ್ತು.

ದಾರಿ ಇನ್ನೊಂದಿತ್ತು. ಆಪರೇಟಿಂಗ್ ಸಿಸ್ಟಮ್ಮನ್ನು ದಾಟಿ, ತನ್ನ ಪ್ರೋಗ್ರಾಮೇ ನೇರವಾಗಿ ನೆಟ್‌ವರ್ಕ್ ಪೋರ್ಟನ್ನು ನೋಡುತ್ತಿರುವುದು. ಬೋರ್ಡಿನ ಮೆದುಳಿನಂಥ ನಾಲ್ಕು ಕೋರುಗಳಲ್ಲಿ ಒಂದು ಅದಕ್ಕೇ ಮೀಸಲಾಗಿಬಿಡುತ್ತದೆ, ದಂಡ ಎಂದು ಬರೆದು ಬದಿಗಿಟ್ಟಿದ್ದಳು.

'ದಂಡ ಅಲ್ಲ... ಬಸವಕಿರಣನೂ ಸ್ವಿಚ್ಚಿನ ಹತ್ರ ಹಂಗೇ ನೋಡ್ತಾ ನಿಂತಿದ್ದನಲ್ಲ!'

ಆಟೋದಲ್ಲೇ ಲ್ಯಾಪ್‌ಟಾಪ್ ತೆರೆದಳು.

ಮಿಲ್ಲಿನಲ್ಲಿ ತಲೆ ಎತ್ತದೆ ಕೆಲಸ ಮಾಡುತ್ತಿದ್ದವಳ ಪಕ್ಕ ಚಹಾದ ಲೋಟ ಬಂದು ಕುಳಿತಿತು. ಎದುರಿಗೆ ಬಸವಕಿರಣ!

"ನಿನ್ನಿ ಬೈದ್ನಿ... ತಪ್ಪಾತು," ಅಂದಳು ಮೆಲ್ಲಗೆ.

"ಕೆಲಸ ಮುಗಸ್ರಿ ಮೊದ್ಲ. ಬೈಯಾಕ ಮುಂದ ಬೇಕಾದಷ್ಟು ಟೈಮ್ ಐತಿ."

ಮುಂದೆ?! ಅವಳ ಕೆನ್ನೆ ಬಿಸಿಯಾಯಿತು.

ಸಂಜೆ ಎಲ್ಲ ಕ್ಯಾಮೆರಾಗಳನ್ನೂ ಹಚ್ಚಿ ಮಷೀನು ಬಿಟ್ಟರು. ಚಂದ್ರಣ್ಣ ಕೈಕಟ್ಟಿ ನಿಂತ. ಬಸವಕಿರಣ ಅಂಗಿಯ ತೋಳು ಮಡಚಿ ಮುಂದೆ ಬಂದ.

"ನನ್ನ ಕೈಯೇ ಇಡ್ತೀನ್ರಿ. ನಿಮ್ಮ ಮ್ಯಾಲೆ ನಂಬಿಕಿ ಐತಿ."

"ಹುಚ್ಚೇನ್ರೀ ನಿಮಗ! ಹತ್ತಿ ಗಿಡದ ಕಟ್ಟಿಗಿ ಹಿಡೀರಿ!"

ಅವಳ ದನಿ ಒಡೆದಿತ್ತು. ಅವನು ನಕ್ಕು ಕಟ್ಟಿಗೆ ತೆಗೆದುಕೊಂಡ. ತುದಿ ಒಳಗೆ ಹೋಯಿತು...

ಟಕ್!

ಮಷೀನು ನಿಂತಿತು. ಕಟ್ಟಿಗೆಯ ಮೇಲೆ ಒಂದು ಗೀರೂ ಇರಲಿಲ್ಲ.

"ಇನ್ನೊಮ್ಮೆ," ಅಂದ ಚಂದ್ರಣ್ಣ. ಮತ್ತೆ ನಿಂತಿತು. ಮತ್ತೊಮ್ಮೆ. ಆಗಲೂ!

"ಎಲ್ಲಾ ಮಷೀನಿಗೂ ಹಾಕಮ್ಮಾ."

"ಹಾಕ್ತೀನ್ರಿ. ಆದ್ರ ಸಿಕ್ಕೊಂಡ ಹತ್ತಿ ತೆಗಿಯಾಕ ಹೋದೋರನ್ನ ಕೆಲಸದಿಂದ ತೆಗಿಬಾರ್ದು."

ಚಂದ್ರಣ್ಣ ಕೆಮ್ಮಿದ, ನೆಲ ನೋಡಿದ, ಕೊನೆಗೆ ತಲೆಯಾಡಿಸಿದ. ಜಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎಲ್ಲರೂ ಹೋದ ಮೇಲೆ ಬಸವಕಿರಣ ಕೇಳಿದ. "ಹೆಂಗ ಮಾಡಿದ್ರಿ?"

"ಒಂದು ಕೋರಿಗೆ ಬ್ಯಾರೆ ಕೆಲಸಾನೇ ಕೊಟ್ಟಿಲ್ಲ. ಯಾರಾದ್ರೂ ಕರೀಲಿ ಅಂತ ಕಾಯಂಗಿಲ್ಲ. ಬಾಗಿಲದಾಗೇ ನಿಂತು ನೋಡ್ತಿರತೈತಿ."

"ಯಾರಂಗ?"

"ನಿಮ್ಮಂಗ..."

ಅವನು ಕೆಂಪು ಸ್ವಿಚ್ಚಿನ ಮೇಲಿದ್ದ ಕೈಯನ್ನು ನಿಧಾನವಾಗಿ ತೆಗೆದ.

"ಹಂಗಾರ ಇನ್ನ ಈ ಕೈಗೆ ಕೆಲಸ ಇಲ್ಲ."

"ಐತಿ," ಅಂದಳು ಭವಾನಿ, ತನ್ನ ಅಂಗೈ ಚಾಚಿ. "ಇಲ್ಲಿ ತರ್ರಿ."