ಬಲಗಡೆಯ ಸೀಟು

ತುಟಿ ಆಡಿದ್ದಂತೂ ನಿಜ. ದನಿ ಹೊರಗೆ ಬಂದಿತ್ತೆ? ಬಂದಿತ್ತು — ಬಂದೇ ಇರಬೇಕು. ನಿನ್ನೆಯಿಂದ ಎಷ್ಟು ಜನಕ್ಕೆ ಹೇಳಿದ್ದಾನೆಂದರೆ, ಈಗ ಅವನ ಕಿವಿಗೇ ಅದು ಕೇಳಿಸುತ್ತಿದೆ: 'ಗೋ ಅರೌಂಡ್, ಸಾರ್.' ಇಳಿಯುವುದು ಬೇಡ, ಮತ್ತೆ ಮೇಲೇರೋಣ.

ವಿಮಾನ ಮೇಲೇರಲಿಲ್ಲ. ಮಳೆಯಲ್ಲಿ ರನ್‌ವೇ ದಾಟಿ, ಬೇಲಿ ಮುರಿದು, ಕೆಸರಿನಲ್ಲಿ ಮೂಗು ಹೂತು ನಿಂತಿತು. ಪ್ರಯಾಣಿಕರು ಬದುಕಿದರು. ಎಲ್ಲರೂ ಅಕ್ಕ ಎನ್ನುತ್ತಿದ್ದ ಹಿರಿಯ ಗಗನಸಖಿ ಮಾತ್ರ ಆಸ್ಪತ್ರೆಯಲ್ಲಿದ್ದಾಳೆ. ಮತ್ತೆ ನಡೆಯುತ್ತಾಳೋ ಇಲ್ಲವೋ, ಡಾಕ್ಟರು ಬಾಯಿ ಬಿಡುತ್ತಿಲ್ಲ.

ಕಿಟಕಿಯಿಲ್ಲದ ಕೋಣೆ. ಮೇಜಿನ ಆಚೆ ತನಿಖಾಧಿಕಾರಿ — ಮೆಲುದನಿಯ ಹೆಂಗಸು. ಈಚೆ, ಹಣೆಗೆ ಹೊಲಿಗೆ ಹಾಕಿಸಿಕೊಂಡ ಕ್ಯಾಪ್ಟನ್. ಪಕ್ಕದಲ್ಲಿ, ಮೈಮೇಲೆ ಒಂದು ಗೀರೂ ಇಲ್ಲದ ಅವನು, ಕೋ-ಪೈಲಟ್. ಅಭ್ಯಾಸಬಲ, ಇಲ್ಲೂ ಅವರ ಬಲಕ್ಕೇ ಕೂತಿದ್ದ.

"ಇವನು ಹೇಳಿದ್ರೆ ನಾನು ಮೇಲೇರಿಸ್ತಿರ್ಲಿಲ್ವಾ ಮೇಡಂ?" ಕ್ಯಾಪ್ಟನ್ ನಕ್ಕರು. "ಒಳ್ಳೇ ಕಲ್ಲು ಕೂತ ಹಾಗೆ ಕೂತಿದ್ದ."

"ಹೇಳ್ದೆ, ಮೇಡಂ. ಮಳೆ ಸದ್ದಿಗೆ ಸಾರ್‌ಗೆ ಕೇಳಿಸ್ಲಿಲ್ಲ."

ಇಬ್ಬರಲ್ಲೊಬ್ಬರದು ಸುಳ್ಳು. ಅದು ತನ್ನದೆಂದಾದರೆ ಲೈಸೆನ್ಸ್ ಹೋಯಿತೆಂದೇ ಲೆಕ್ಕ, ಅವನಿಗೆ ಗೊತ್ತಿತ್ತು.

ಆಕೆ ಕಾಕ್‌ಪಿಟ್‌ನ ಧ್ವನಿಮುದ್ರಣ ಹಾಕಿದಳು. ಗಾಜಿಗೆ ಮರಳು ಎರಚಿದಂಥ ಮಳೆ. ಮಾತೇ ಇಲ್ಲ.

"ನೋಡಿ, ಬರೀ ಮಳೆ—" ಎಂದ ಅವನು.

"ಇನ್ನೊಂದ್ಸಲ ಕೇಳಿ."

ಮಳೆ. ಅದರ ನಡುವೆ — ಟಕ್.

"ಇದೇನು?"

ಅವನು ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡ.

"ನಾನೇ ಹೇಳ್ತೀನಿ. ಭುಜದ ಬೆಲ್ಟಿನ ಲಾಕು. ಡಿಕ್ಕಿ ಹೊಡೀತೀವಿ ಅಂತ ಗೊತ್ತಾದಾಗ ಸೀಟಿನ ಪಕ್ಕದ ಹಿಡಿ ಒತ್ತಿ ಬಿಗಿ ಮಾಡ್ಕೊಳ್ಳೋದು. ಕ್ಯಾಪ್ಟನ್ನರದು ಸಡಿಲವಾಗೇ ಇತ್ತು, ಹಣೆ ಒಡೀತು. ಬಲಗಡೆ ಸೀಟಿಂದು ಲಾಕ್ ಆಗಿತ್ತು — ಚಕ್ರ ನೆಲ ಮುಟ್ಟೋಕೆ ಮುಂಚೇನೇ." ಆಕೆ ಮುಂದಕ್ಕೆ ಬಾಗಿದಳು. "ಇಷ್ಟು ಸಣ್ಣ ಸದ್ದನ್ನ ಮಳೆ ನುಂಗ್ಲಿಲ್ಲ. ನಿಮ್ಮ ಮಾತನ್ನ ಮಾತ್ರ ಹೇಗೆ ನುಂಗ್ತು?"

ಕೋಣೆ ಇನ್ನಷ್ಟು ಚಿಕ್ಕದಾಯಿತು.

"ವಿಮಾನ ತಪ್ಪಾಗಿ ಇಳಿಸಿದ್ದು ಕ್ಯಾಪ್ಟನ್, ಅದಕ್ಕೆ ಅವರೇ ಹೊಣೆ. ಆದ್ರೆ ಸುಳ್ಳು ಹೇಳಿದ್ದು ನೀವು. ಕೈಗೆ ಗೊತ್ತಾಗಿದ್ದು ಬಾಯಿಗೆ ಯಾಕೆ ಬರ್ಲಿಲ್ಲ? ಕಾರಣ ಇದ್ರೆ ಈಗ್ಲೇ ಹೇಳಿ. ಅದೂ ವರದಿಗೆ ಸೇರುತ್ತೆ."

ಕಾರಣವಿತ್ತು. ಹಿಂದೊಮ್ಮೆ ಎತ್ತರ ತಪ್ಪಾಗಿದೆ ಎಂದು ತೋರಿಸಿದ್ದಕ್ಕೆ ಕ್ಯಾಪ್ಟನ್ ಎಲ್ಲರೆದುರು ನಕ್ಕಿದ್ದರು: "ಮೀಸೆ ಚಿಗುರಿಲ್ಲ, ಆಗ್ಲೇ ನಂಗೆ ಮೇಷ್ಟ್ರು!" ಆಮೇಲೆ ವಾರಗಟ್ಟಲೆ ಯಾವ ವಿಮಾನಕ್ಕೂ ಅವನನ್ನು ಹಾಕಿರಲಿಲ್ಲ. ಅದರಿಂದ ಅವನು ಕಲಿತದ್ದು ಒಂದೇ — ಸುಮ್ಮನಿರುವುದು.

ಬಾಯಿ ತೆರೆದ. ಕಣ್ಣು ಮೊದಲು ಕ್ಯಾಪ್ಟನ್ನರ ಕಡೆ ಹೋಯಿತು.

"ಹೊಸ ಹುಡುಗ, ಮೇಡಂ. ಗಾಬರಿ ಬಿದ್ದ," ಎಂದರು ಕ್ಯಾಪ್ಟನ್. "ಅಲ್ವೇನೋ?"

"ಹೌದು, ಸಾರ್."

"ನಾನು ಕೇಳಿದ್ದು ಅವರನ್ನ, ಕ್ಯಾಪ್ಟನ್." ಆಕೆ ಅವನತ್ತ ತಿರುಗಿ, ಬರೆದುಕೊಳ್ಳಲು ಪೆನ್ನು ಎತ್ತಿಕೊಂಡಳು.

ಅವನು ಗಾಬರಿ ಬಿದ್ದಿರಲಿಲ್ಲ. ಎದ್ದು ಬರುತ್ತಿದ್ದ ನೆಲಕ್ಕಿಂತ ಪಕ್ಕದಲ್ಲಿದ್ದ ಮನುಷ್ಯನಿಗೇ ಹೆಚ್ಚು ಹೆದರಿದ್ದ. ಅದನ್ನು ಅವನು ಹೇಳಲೇ ಇಲ್ಲ.